ಚಿನ್ನಕ್ಕೆ ಬೀಳದ ಗೀರು

ಇವತ್ತಿಗೆ ಸಾಕು ಎಂದು ವಾಚ್ ರಿಪೇರಿಯವನು ಶಟರನ್ನು ಅರ್ಧ ಎಳೆದಿದ್ದ. ಅಷ್ಟರಲ್ಲಿ ಒಬ್ಬ ಹೆಂಗಸು ತಲೆ ಬಗ್ಗಿಸಿ ಒಳಗೆ ಬಂದಳು. ನಾಳೆ ಬನ್ನಿ ಎನ್ನಲು ಅವನು ಬಾಯಿ ತೆರೆಯುವ ಮೊದಲೇ ಸ್ಟೂಲಿನ ಮೇಲೆ ಕುಸಿದು ಕುಳಿತಳು. ಐವತ್ತು ದಾಟಿದ ವಯಸ್ಸು. ಚಪ್ಪಲಿಯ ತುಂಬ ಧೂಳು. ಕೈಯಲ್ಲಿದ್ದ ಕರವಸ್ತ್ರ ಬಿಚ್ಚಿದಾಗ ಗಂಡಸರ ಎರಡು ವಾಚುಗಳು ಕಂಡವು. ಒಂದು ಚಿನ್ನದ್ದು, ಒಂದು ಸ್ಟೀಲಿನದು.

ರಿಪೇರಿಯವನ ದಣಿವೂ ಕಡಿಮೆಯದಲ್ಲ. ನಲವತ್ತು ವರ್ಷ ಭೂತಕನ್ನಡಿ ಸಿಕ್ಕಿಸಿಕೊಂಡ ಬಲಗಣ್ಣಿನಲ್ಲಿ ಈಗ ಮಧ್ಯಾಹ್ನವಾದರೆ ನೀರು ಸುರಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ವಾಚು ಕೈಗೆ ಬಂದರೆ ಸಾಕು, ಕಟ್ಟಿಕೊಂಡವರ ಬಂಡವಾಳವೆಲ್ಲ ಬಯಲಾಗುವುದು ಅವನಿಗೆ ಸಾಕುಸಾಕಾಗಿತ್ತು. ಯಾರು ಕುಡಿದು ಬೀಳುತ್ತಾರೆ, ಯಾರು ಸಿಟ್ಟು ಬಂದರೆ ಗೋಡೆ ಗುದ್ದುತ್ತಾರೆ, ಎಲ್ಲ ಗೀರುಗಳಲ್ಲೇ ಗೊತ್ತಾಗುತ್ತಿತ್ತು. ಗೊತ್ತಾಗಿ ಇವನೇನು ಮಾಡಬೇಕು? ಬ್ಯಾಟರಿ ಬದಲಾಯಿಸಿ ಕಳಿಸುತ್ತಿದ್ದ.

ವಾಚುಗಳು ತನ್ನ ಗಂಡನವು ಎಂದಳು ಹೆಂಗಸು. ಅವರು ತೀರಿಕೊಂಡು ಎರಡು ತಿಂಗಳಾಯಿತು. ಕೊನೆಯ ದಿನದವರೆಗೂ ದೊಡ್ಡ ಕಂಪನಿಯಲ್ಲಿ ಮ್ಯಾನೇಜರಾಗಿದ್ದರು. ಚಿನ್ನದ್ದು ಕಂಪನಿಯವರೇ ಕೊಟ್ಟದ್ದು. ಸ್ಟೀಲಿನದು ಅವರ ಚೀಲದ ತಳದಲ್ಲಿ ಮೊನ್ನೆ ಮಗನಿಗೆ ಸಿಕ್ಕಿತು. ಇಷ್ಟನ್ನೂ ಅವಳು ಎಲ್ಲೂ ತಡವರಿಸದೆ, ಪಾಠ ಒಪ್ಪಿಸುವವರ ಹಾಗೆ ಹೇಳಿ ಮುಗಿಸಿದಳು.

“ಒಂದು ದಿನ ಅದು, ಒಂದು ದಿನ ಇದು, ಎರಡನ್ನೂ ಆಫೀಸಿಗೇ ಕಟ್ಕೊಂಡು ಹೋಗ್ತಿದ್ರು ಅಂತ ಕಾಣುತ್ತೆ. ಚಿನ್ನದ್ದು ಹೊಸದರ ಹಾಗಿದೆ. ಸ್ಟೀಲಿಂದು ನೋಡಿ, ಹೀಗಾಗಿದೆ. ಯಾಕೆ ಅಂತ ಹೇಳ್ತೀರಾ?”

ಅವನು ಮನಸ್ಸಿಲ್ಲದ ಮನಸ್ಸಿನಿಂದ ಭೂತಕನ್ನಡಿ ಸಿಕ್ಕಿಸಿಕೊಂಡ.

ಸ್ಟೀಲಿನ ವಾಚಿನ ಗಾಜು ಮಂಜು ಮಂಜಾಗಿತ್ತು. ಅಂಚುಗಳು ಜಜ್ಜಿಹೋಗಿದ್ದವು. ಚೈನಿನ ಸಂದುಗಳಲ್ಲಿ ಮಾಸಲು ಬಿಳಿಯ ಪುಡಿ ಕಲ್ಲಾಗಿ ಕೂತಿತ್ತು. ಸೂಜಿಯಿಂದ ಕೆದಕಿ ನೋಡಿದ. ಸಿಮೆಂಟು. ಹತ್ತು ವರ್ಷವಾದರೂ ಮೂಟೆ ಹೊತ್ತ ಕೈಯ ವಾಚು ಇದು, ಮೇಜಿನ ಮುಂದೆ ಕೂತು ಸಹಿ ಹಾಕಿದ ಕೈಯದಲ್ಲ. ಹಿಂದಿನ ಮುಚ್ಚಳದ ಅಂಚಿನಲ್ಲಿ ಒಂದೇ ಒಂದು ಗೀರು ಹೊಸದಾಗಿ ಹೊಳೆಯುತ್ತಿತ್ತು. ಯಾರೋ ಕೈ ಪಳಗದವನು ಈಚೆಗೆ ತೆರೆದಿದ್ದಾನೆ ಎಂದು ಮನಸ್ಸಿನಲ್ಲೇ ಬೈದುಕೊಂಡು ಅದನ್ನು ಕೆಳಗಿಟ್ಟ.

ಚಿನ್ನದ್ದನ್ನು ಹೆಚ್ಚು ಹೊತ್ತು ನೋಡಿದ. ಚಿನ್ನ ಮೆತ್ತನೆಯ ಲೋಹ. ದಿನಾ ಕಟ್ಟಿದರೆ ಅಂಗಿಯ ತೋಳಿಗೆ ಉಜ್ಜಿಯೇ ಮೂಲೆಗಳು ಮೊಂಡಾಗುತ್ತವೆ, ಸ್ಟೀಲಿನ ಹಾಗೆ ತಡೆದುಕೊಳ್ಳುವುದಿಲ್ಲ. ಇದರ ಮೂಲೆಗಳು ಅಂಗಡಿಯಿಂದ ಬಂದ ದಿನ ಇದ್ದಷ್ಟೇ ಚೂಪಾಗಿದ್ದವು. ಆದರೆ ಕೊಂಡಿ ಪೂರ್ತಿ ಸವೆದುಹೋಗಿತ್ತು. ದಿನಕ್ಕೆ ಅರ್ಧ ಗಂಟೆಯೂ ಕೈಮೇಲಿರದ ವಾಚಿನ ಕೊಂಡಿಯನ್ನು ದಿನಕ್ಕೆ ನಾಲ್ಕು ಸಲ ಹಾಕಿ ಬಿಚ್ಚಿ ಮಾಡಿದ್ದಾರೆ.

ಅವನಿಗೆ ಎಲ್ಲ ತಿಳಿದುಹೋಯಿತು. ಮನುಷ್ಯ ಬೆಳಿಗ್ಗೆ ಚಿನ್ನದ ವಾಚು ಕಟ್ಟಿಕೊಂಡು ಮ್ಯಾನೇಜರಾಗಿ ಮನೆ ಬಿಡುತ್ತಿದ್ದ. ಯಾವುದೋ ತಿರುವಿನಲ್ಲಿ ಅದನ್ನು ಬಿಚ್ಚಿ ಸ್ಟೀಲಿನದನ್ನು ಕಟ್ಟಿಕೊಳ್ಳುತ್ತಿದ್ದ. ದಿನವಿಡೀ ಮೂಟೆ ಹೊತ್ತು, ಸಂಜೆ ಕೈ ತೊಳೆದು, ಮತ್ತೆ ಮ್ಯಾನೇಜರಾಗಿ ಮನೆ ಸೇರುತ್ತಿದ್ದ. ಕಂಪನಿ ಅವನನ್ನು ಯಾವತ್ತು ಮನೆಗೆ ಕಳಿಸಿತ್ತೋ, ಅದನ್ನು ಇವನ ಭೂತಕನ್ನಡಿ ಹೇಳಲಾರದು.

ಹೆಂಗಸು ಕಣ್ಣು ಮಿಟುಕಿಸದೆ ಇವನ ಬಾಯನ್ನೇ ನೋಡುತ್ತಿದ್ದಳು. ಇವನು ಒಂದು ಮಾತು ಆಡಿದರೆ ಸಾಕಿತ್ತು, ಎರಡು ತಿಂಗಳ ಹಿಂದೆ ಹೋದವನು ಅವಳ ಪಾಲಿಗೆ ಇನ್ನೊಮ್ಮೆ ಹೋಗುತ್ತಿದ್ದ. ಆಡದಿದ್ದರೆ ತನ್ನ ಕಸುಬಿಗೆ ತಾನೇ ಮೋಸ ಮಾಡಿದಂತೆ. ಚಿನ್ನದ ನೀರು ಕುಡಿಸಿದ ವಾಚನ್ನು ಬರೀ ಮುಲಾಮು ಎಂದೇ ಮುಖಕ್ಕೆ ಹೊಡೆದಂತೆ ಹೇಳಿ ಗಿರಾಕಿ ಕಳೆದುಕೊಂಡವನು ಅವನು. ಲೋಹದ ವಿಷಯದಲ್ಲಿ ಈವರೆಗೆ ಎಳ್ಳಷ್ಟೂ ಸುಳ್ಳು ಹೇಳಿರಲಿಲ್ಲ. ಅವನಿಗೆ ಇದ್ದ ಹೆಮ್ಮೆ ಅದೊಂದೇ. ಆದರೆ ಈ ಹೆಂಗಸಿನ ಮುಖ ನೋಡಿ ಅವನಿಗೆ ನಿಜವಾಗಿಯೂ ಸಂಕಟವಾಯಿತು.

“ಚಿನ್ನ ಅಂದ್ರೆ ಚಿನ್ನಾನೇ ಅಮ್ಮ,” ಎಂದ, ಕಣ್ಣೊರೆಸಿಕೊಳ್ಳುತ್ತ. “ಎಷ್ಟು ವರ್ಷ ಕಟ್ಟಿದ್ರೂ ಗೀರು ಬೀಳಲ್ಲ. ಸ್ಟೀಲು ಮೆತ್ತಗೆ. ಆಫೀಸಿನ ಮೇಜಿಗೆ ಉಜ್ಜಿ ಉಜ್ಜಿ ಹೀಗಾಗಿದೆ, ಅಷ್ಟೆ.”

“ಮತ್ತೆ ಈ ಬಿಳಿ ಪುಡಿ?”

“ಮೈಗೆ ಹಾಕ್ಕೊಳ್ಳೋ ಪೌಡರು. ಬೆವರು ಸೇರಿ ಗಟ್ಟಿಯಾಗಿದೆ.”

“ಚಿನ್ನದ್ದರ ಕೊಂಡಿ ಸವೆದಿದೆಯಲ್ಲ?”

ಬರಿಗಣ್ಣಿಗೆ ಇದು ಹೇಗೆ ಕಂಡಿತು ಎಂದು ಅವನಿಗೆ ಆಶ್ಚರ್ಯವಾಯಿತು. ಆ ಮಾದರಿಯ ಕೊಂಡಿಯೇ ಹಾಗೆ, ಒಳಗಿನ ಸ್ಪ್ರಿಂಗು ಲಡ್ಡು, ಅವರ ತಪ್ಪೇನೂ ಇಲ್ಲ ಎಂದ. ಒಂದು ಸುಳ್ಳಿನ ಬೆನ್ನಿಗೆ ಇನ್ನೊಂದು ಇಷ್ಟು ಸಲೀಸಾಗಿ ಬರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಹೆಂಗಸು ಎದೆಯ ಮೇಲಿನ ಭಾರ ಇಳಿದವರ ಹಾಗೆ ದೊಡ್ಡ ಉಸಿರು ಬಿಟ್ಟಳು. ಬದುಕಿಸಿದೆ ಎಂದು ರಿಪೇರಿಯವನಿಗೂ ಸಮಾಧಾನವಾಯಿತು. ಅವಳು ವಾಚುಗಳನ್ನು ಗಂಟು ಕಟ್ಟಿಕೊಂಡು ಎದ್ದಳು. ನಾಳೆ ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಕೇಳಿದಳು. ಹತ್ತಕ್ಕೆ ಎಂದ.

“ಹತ್ತು ವರ್ಷ ಅವರ ಸಿಮೆಂಟು ಮೆತ್ತಿದ ಬಟ್ಟೆ ಒಗೆದವಳು ನಾನು, ನನಗೆ ಗೊತ್ತಿಲ್ವಾ?” ಎಂದಳು ಅವಳು, ಶಟರಿನ ಕೆಳಗೆ ಬಗ್ಗುತ್ತ. “ಮಗನಿಗೆ ಗೊತ್ತಾಗಬಾರದು. ಬೆಳಿಗ್ಗೆಯಿಂದ ಮೂರು ಅಂಗಡಿ ಹತ್ತಿ ಇಳಿದೆ, ಮೂವರೂ ನಿಜ ಹೇಳಿಬಿಟ್ರು. ನಾಳೆ ಅವನನ್ನ ನಿಮ್ಮ ಹತ್ರಾನೇ ಕಳಿಸ್ತೀನಿ.”