ಬಂಡಿಯಲ್ಲಿ ಮಲಗಿದವನು

ದಾಳ ಕೈಗೆ ಕೊಡುವಾಗ ಅಯ್ಯೂಬನ ಬೆರಳುಗಳಿಂದ ಸುಟ್ಟಗಾಯದ ಮುಲಾಮಿನ ವಾಸನೆ ಬಂತು. ಜಯಪಾಲ ಅವನ ಕೈಯನ್ನೇ ನೋಡಿದ. ಒಂದು ಗುಳ್ಳೆಯೂ ಇರಲಿಲ್ಲ.

"ಯಾರಿಗೆ ಎಂತ ಆಯ್ತು ಮಾರಾಯ?"

"ಉಮ್ಮನಿಗೆ. ಗಂಜಿ ಚೆಲ್ಲಿ ಕೈ ಸುಟ್ಟಿತು," ಎಂದ ಅಯ್ಯೂಬ್, ಮುಖ ಎತ್ತದೆ. ಆಮೇಲೆ ಕೇಳಿದ, "ನಿನ್ನ ಅಮ್ಮ ಹೇಗಿದ್ದಾರೆ? ಮೋಹನಣ್ಣನ ಸುದ್ದಿ ಬಂತಾ?"

"ಬೊಂಬಾಯಿಗೆ ಹೋದವನಿಗೆ ಕಾಗದ ಬರೆಯಲಿಕ್ಕೆ ಪುರುಸೊತ್ತು ಎಲ್ಲುಂಟು? ಅಮ್ಮ ದಿನಾ ಪೋಸ್ಟ್‌ಮ್ಯಾನನ್ನು ಕಾಯ್ತಾರೆ."

ಸುರತ್ಕಲ್ಲಿನ ಹಾಸ್ಟೆಲಿನಲ್ಲಿ ಇಸಿದೋರನ ಕೋಣೆ ಅದು. ಗಲಭೆಯಿಂದ ತರಗತಿಗಳು ನಿಂತಿದ್ದವು. ಬೆಳಿಗ್ಗೆ ಕರ್ಫ್ಯೂ ಸಡಿಲವಾದಾಗ ಮೂವರು ಗೆಳೆಯರು ಆಟಕ್ಕೆ ಕೂರುತ್ತಿದ್ದರು. ಆಟ ಅಯ್ಯೂಬನ ಮಾವ ಬಹರೈನಿನಿಂದ ತಂದದ್ದು. ಹಲವು ಮುಖಗಳ ದಾಳಗಳು, ಒಂದು ಇಂಗ್ಲಿಷ್ ಪುಸ್ತಕ. ಒಬ್ಬ ಕಥೆ ಹೇಳಬೇಕು. ಉಳಿದವರು ಅದರೊಳಗಿನ ಪಾತ್ರಗಳಾಗಿ ತಾವೇನು ಮಾಡುತ್ತೇವೆಂದು ಹೇಳಿ ದಾಳ ಹಾಕಬೇಕು. ಜಯಪಾಲ ಮನುಷ್ಯಕುಲದ ಯೋಧ. ಇಸಿದೋರ್ ಕುಳ್ಳರ ಕುಲದ ಕಮ್ಮಾರ. ಕಥೆ ಹೇಳುವವನು ಅಯ್ಯೂಬ್.

ಪುಸ್ತಕದಲ್ಲಿದ್ದ ಹಸಿರು ಮೈಯ ಕುಲವನ್ನು ಇವರು ರಾಕ್ಷಸರೆಂದು ಕರೆದರು. ರಾಕ್ಷಸರು ಹುಟ್ಟಿನಿಂದಲೇ ದುಷ್ಟರು ಎಂದು ಅದರಲ್ಲಿ ಅಚ್ಚಾಗಿತ್ತು. ಅಚ್ಚಾದದ್ದನ್ನು ಬಾಯಿಪಾಠ ಮಾಡಿ ಪಾಸಾಗುತ್ತ ಬಂದ ಹುಡುಗರು. ಪ್ರಶ್ನಿಸುವ ಗೋಜಿಗೆ ಹೋಗಿರಲಿಲ್ಲ.

ಅಯ್ಯೂಬನಿಗೆ ಕಲ್ಪನೆ ಕಡಿಮೆ. ಕಣ್ಣಾರೆ ಕಂಡದ್ದೇ ಅವನ ಕಥೆಯಲ್ಲಿ ವೇಷ ಹಾಕಿಕೊಂಡು ಬರುತ್ತಿತ್ತು. ಮೆಸ್ಸಿನ ಭಟ್ಟರು ಒಮ್ಮೆ ವಿಷ ಕಾಸುವ ಮಾಂತ್ರಿಕರಾಗಿದ್ದರು. ಅದನ್ನು ಹೇಳಿ ಗೆಳೆಯರು ಅವನನ್ನು ಗೋಳುಹೊಯ್ದುಕೊಳ್ಳುತ್ತಿದ್ದರು.

ಇವತ್ತು ಅವನ ದನಿ ಸಣ್ಣದಾಗಿತ್ತು.

"ನಾಳೆ ಬೆಳಿಗ್ಗೆ ಒಂದು ಬಂಡಿ ಸೇತುವೆಗೆ ಬರ್ತದೆ. ಹೊಡೆಯುವವನು ರಾಕ್ಷಸ. ಒಳಗೆ ಒಬ್ಬ ಕಂಬಳಿ ಹೊದ್ದು ಮಲಗಿದ್ದಾನೆ. ಮೈಯೆಲ್ಲ ಸುಟ್ಟಿದೆ. ವೈದ್ಯರಿರುವುದು ಆಚೆ ದಡದಲ್ಲಿ. ಸೇತುವೆಯಲ್ಲಿ ಮನುಷ್ಯರ ಕಾವಲು ಉಂಟು. ಬಂಡಿಯಲ್ಲಿ ಅವರ ಪೈಕಿಯವನೊಬ್ಬ ಕೂತರೆ ಬಿಡ್ತಾರೆ. ಕೂತ್ಕೊಳ್ತೀಯಾ ಜಯಾ?"

"ನಾನು ಕೂತ್ಕೊಳ್ತೇನೆ," ಎಂದ ಇಸಿದೋರ್. "ಸುಟ್ಟು ಬಿದ್ದವನ ಹತ್ತಿರ ಕುಲ ಎಂತ ಕೇಳುವುದು?"

"ಕುಳ್ಳರು ಸಾಲದು. ಮನುಷ್ಯನೇ ಆಗಬೇಕು."

ಜಯಪಾಲ ದಾಳವನ್ನು ಅಂಗೈಯಲ್ಲಿ ತಿರುಗಿಸಿದ. ಗಲಭೆಯ ಮೊದಲ ರಾತ್ರಿ ಪೇಟೆಯಲ್ಲಿದ್ದ ಅವನ ಮನೆಯವರ ಹೋಟೆಲು ಬೂದಿಯಾಗಿತ್ತು. ಮರುರಾತ್ರಿ ಸುರತ್ಕಲ್ಲಿನಲ್ಲಿ ಅಯ್ಯೂಬನ ತಂದೆ ಅಲಿಯಬ್ಬನವರ ಬಟ್ಟೆ ಅಂಗಡಿ ಉರಿಯಿತು. ಹಿಂದಿದ್ದ ಮನೆ ಹೇಗೋ ಉಳಿಯಿತು. ಹೋಟೆಲಿಗೆ ಬೆಂಕಿ ಇಟ್ಟವನ ಮೈಗೂ ಬೆಂಕಿ ಹತ್ತಿತ್ತು, ಹಾಗೆಯೇ ಓಡಿದ ಎಂದು ಪೇಟೆಯಲ್ಲಿ ಸುದ್ದಿ. ಅಣ್ಣ ಮೋಹನದಾಸ ಹಲ್ಲು ಕಡಿದಿದ್ದ. ಪೊಲೀಸರು ಹುಡುಗರನ್ನೆಲ್ಲ ಎಳೆದೊಯ್ಯುತ್ತಾರೆ, ಬೊಂಬಾಯಿ ಬಸ್ಸು ಹತ್ತುತ್ತೇನೆ ಎಂದು ಅಮ್ಮನಿಗೆ ಹೇಳಿ ಹೊರಟುಹೋಗಿದ್ದ. ಸುಟ್ಟವನನ್ನು ಹುಡುಕುವ ಕೆಲಸ ಈಗ ತನ್ನದು ಎಂದು ಜಯಪಾಲ ತಿಳಿದಿದ್ದ.

"ಅವನು ಸುಟ್ಟುಕೊಂಡದ್ದು ಹೇಗೆ?" ಎಂದ. "ಯಾರದಾದರೂ ಕಟ್ಟಡಕ್ಕೆ ಬೆಂಕಿ ಕೊಡುವಾಗಲಾ?"

ಅಯ್ಯೂಬ್ ಬೆಚ್ಚಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದುಕೊಂಡ ಜಯಪಾಲ.

"ಹೌದು," ಎಂದ ಅಯ್ಯೂಬ್ ಕೊನೆಗೆ. "ಬೆಂಕಿ ಕೊಡುವಾಗಲೇ. ಆದರೂ ಉಸಿರು ಉಂಟಲ್ಲ."

"ರಾಕ್ಷಸ ಹುಟ್ಟಿನಿಂದಲೇ ದುಷ್ಟ. ನಿನ್ನ ಪುಸ್ತಕದಲ್ಲೇ ಉಂಟು. ನಾನು ಬಂಡಿ ನಿಲ್ಲಿಸಿ ಅವನನ್ನು ಹೊಳೆಗೆ ಹಾಕ್ತೇನೆ."

ದಾಳ ಉರುಳಿಸಿದ. ದಾಳವೂ ಅವನ ಪಕ್ಷ ವಹಿಸಿತು. ಜಯಪಾಲ ಎದ್ದು ಚಪ್ಪಲಿ ಮೆಟ್ಟಿದ.

ಅಯ್ಯೂಬ್ ಜಗಲಿಯವರೆಗೆ ಹಿಂದೆಯೇ ಓಡಿಬಂದ. "ಜಯಾ, ನಿಲ್ಲು. ನಿನಗೆ ಮಾತ್ರ ಒಂದು ಹೇಳಲಿಕ್ಕುಂಟು."

"ಆಟ ಮುಗಿಯಿತು," ಎಂದ ಜಯಪಾಲ, ತಿರುಗಿಯೂ ನೋಡದೆ.

ಅಲ್ಲಿಂದ ನೇರ ಕೂಳೂರಿಗೆ, ಅಣ್ಣನ ಜೀವದ ಗೆಳೆಯ ಚಿತ್ತರಂಜನನ ಮನೆಗೆ ಹೋದ. "ಹೋಟೆಲು ಸುಟ್ಟವನು ಅಲಿಯಬ್ಬರ ಮನೆಯಲ್ಲಿದ್ದಾನೆ. ನಾಳೆ ಬೆಳಿಗ್ಗೆ ಇಲ್ಲಿಯ ಸೇತುವೆ ದಾಟಿಸಿ ಅತ್ತಾವರದ ಆಸ್ಪತ್ರೆಗೆ ಒಯ್ತಾರೆ."

"ನಿನಗೆ ಹೇಗೆ ಗೊತ್ತು?"

"ಅಯ್ಯೂಬನೇ ಹೇಳಿದ. ಹೇಳಿದ್ದು ಅವನಿಗೇ ಗೊತ್ತಿಲ್ಲ."

ಮರುದಿನ ಬೆಳಿಗ್ಗೆ ಅಲಿಯಬ್ಬನವರ ಅಂಬಾಸಿಡರ್ ಬಂತು. ಅಯ್ಯೂಬ್ ಓಡಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ಅವನ ತಾಯಿ ಹಲೀಮಾ, ತೊಡೆಯ ಮೇಲೆ ಕಂಬಳಿ ಹೊದ್ದ ಒಂದು ತಲೆ. ಆಕೆ ಬೀಸಣಿಗೆ ಬೀಸುತ್ತಿದ್ದಳು. ಎರಡೂ ಕೈ ನೆಟ್ಟಗಿದ್ದವು. ಗಂಜಿ ಚೆಲ್ಲಿದ ಗುರುತಿರಲಿಲ್ಲ.

ಸೇತುವೆಯ ತುದಿಯಲ್ಲಿ ಜಯಪಾಲನನ್ನು ಕಂಡದ್ದೇ ಅಯ್ಯೂಬನ ಮುಖ ಅರಳಿತು. ಯಾರೂ ತಡೆಯುವ ಮೊದಲೇ ಕಾರು ನಿಲ್ಲಿಸಿ, ಪಕ್ಕದ ಬಾಗಿಲು ತಾನೇ ತೆರೆದ.

"ಬಂದೆಯಾ? ಬಾ, ಕೂತ್ಕೋ."

ಜಯಪಾಲ ಕೋಲು ಹಿಡಿದಿರಲಿಲ್ಲ. ಹಿಂದಿನ ಸೀಟಿನತ್ತ ಬೆರಳು ತೋರಿಸಿದ, ಅಷ್ಟೇ. ಚಿತ್ತರಂಜನ ಮತ್ತು ಅವನ ಹುಡುಗರಿಗೆ ಅಷ್ಟು ಸಾಕಾಯಿತು. ಹಲೀಮಾ ಕಂಬಳಿಯ ಮೇಲೆ ಅಡ್ಡಬಿದ್ದಳು. ಎಳೆದು ಬದಿಗೆ ನೂಕಿದರು. ಕಂಬಳಿ ಬಿಚ್ಚಿ ನೋಡುವ ತಾಳ್ಮೆ ಯಾರಿಗೂ ಇರಲಿಲ್ಲ. ಅವರು ಕೈ ಸೋಲುವವರೆಗೆ ಹೊಡೆದರು.

ಅಯ್ಯೂಬ್ ರಸ್ತೆಯಲ್ಲಿ ಮಂಡಿಯೂರಿದ್ದ. ಹಣೆಯಿಂದ ರಕ್ತ ಇಳಿಯುತ್ತಿತ್ತು. "ಬಂಡಿ ಹೊಡೆಯುವವನು ರಾಕ್ಷಸ ಅಂದೆ," ಎಂದ. "ಮಲಗಿದವನ ಕುಲ ನಾನು ಹೇಳಲೇ ಇಲ್ಲ ಜಯಾ. ಅವನು ಬೆಂಕಿ ಕೊಟ್ಟದ್ದು ನಮ್ಮ ಅಂಗಡಿಗೆ."

ಜಯಪಾಲ ಬಗ್ಗಿ ಕಂಬಳಿ ಸರಿಸಿದ. ಸುಟ್ಟು ಬ್ಯಾಂಡೇಜು ಸುತ್ತಿದ ಆ ಮುಖ ಯಾರದಾದರೂ ಆಗಬಹುದಿತ್ತು. ತುಟಿ ಮಾತ್ರ ಅಲುಗಿತು.

"ಜಯಾ, ನಾನು ಬೊಂಬಾಯಿಯಲ್ಲೇ ಇದ್ದೇನೆ ಅಂತ ಅಮ್ಮನಿಗೆ ಹೇಳು."