ರೊಟ್ಟಿಗೊಂದು ತಲಕಟ್ಟು

“ಅಕ್ಕಾ, ಬೋರ್ಡ್ ಬರಿಯೂದಂದ್ರ ರೊಟ್ಟಿ ಬಡದಂಗಲ್ಲ. ನೀ ಬರದಿ ಅಂದ್ರ ನನ್ನ ಮೀಸಿ ಬೋಳಿಸ್ಕೋತೀನಿ,” ಎಂದು ಪೇಂಟರ್ ಮಾಯಪ್ಪ ತಾಟಿನ ಮುಂದೆ ಕೂತೇ ಶರ್ತು ಕಟ್ಟಿದ. ಇಡೀ ಗೋಕಾಕದಲ್ಲಿ ಅಂಥ ಮೀಸೆ ಇನ್ನೊಂದಿರಲಿಲ್ಲ. ಎಣ್ಣೆ ಕುಡಿಸಿ, ತುದಿ ತಿರುವಿ, ಮಗನಂತೆ ಸಾಕಿದ ಮೀಸೆ.

ಖಾನಾವಳಿ ಲಕ್ಕವ್ವ ಬಗ್ಗಲಿಲ್ಲ. ರಾಜ್ಯ ಒಂದಾದ ಮೇಲೆ ಎಲ್ಲರೂ ಕನ್ನಡ ಬೋರ್ಡು ಹಾಕಿಸುವವರೇ. ಎದುರಿನ ಖಾನಾವಳಿಗೂ ಬಣ್ಣದ ಬೋರ್ಡು ಬಂದು, ಹೊಸದಾಗಿ ಮಿಲ್ಲು ಸೇರಿದವರೆಲ್ಲ ಅಲ್ಲಿಗೇ ನುಗ್ಗುತ್ತಿದ್ದರು. ಇವಳ ಬುಟ್ಟಿಯಲ್ಲಿ ರೊಟ್ಟಿ ಉಳಿಯತೊಡಗಿದ್ದವು. ಇವಳಿಗೊಂದು ಬೋರ್ಡು ಬರೆದುಕೊಡು ಅಂದರೆ ಮಾಯಪ್ಪ ಮಾತ್ರ ಹೋಳಿ ಹುಣ್ಣಿಮೆಯಿಂದ “ಬರೂ ವಾರ” ಅನ್ನುತ್ತಲೇ ಇದ್ದ.

“ನಿನ್ನ ವಾರ ಬರೂದಿಲ್ಲ. ನನಗ ಕಲಸು, ನಾನ ಬರಕೋತೀನಿ,” ಅಂದಳು.

ಮಾಯಪ್ಪನಿಗೆ ಕುಚೇಷ್ಟೆ ಹೊಳೆಯಿತು. “ಬ್ರಶ್ ಹಿಡಿಯೂಕಿಂತ ಮೊದಲ ಕಣ್ಣ ಕಲೀಬೇಕು. ಯಾರೂ ಬರೀದ, ತಾನಾಗೇ ಆದ ಅಕ್ಷರ ಹುಡುಕಿ ತೋರಸು. ಆಮ್ಯಾಲ ಬ್ರಶ್.” ಇಂಥ ಪಾಠವನ್ನು ಅವನ ಗುರುವೂ ಹೇಳಿಕೊಟ್ಟಿರಲಿಲ್ಲ, ಗುರುವಿನ ಗುರುವೂ ಕೇಳಿರಲಿಲ್ಲ. ಬೇಸತ್ತು ಬಿಟ್ಟಾಳು ಎಂಬುದಷ್ಟೇ ಅವನ ಲೆಕ್ಕ.

ಮರುದಿನ ಅವನ ತಾಟಿಗೆ ಮುರಿದ ಚಕ್ಕಲಿ ಬಂತು. “ಡಬ್ಬಿ ಕೈ ಜಾರಿ ಬಿತ್ತು. ಇದು ಲ, ಇದು ಳ. ನಾ ಕೈ ಹಚ್ಚಿಲ್ಲ ಮತ್ತ.” ಮಾಯಪ್ಪ ತಾಟು ತಿರುವಿ ತಿರುವಿ ನೋಡಿದ. ಳ ಅಂದರೆ ಳ. ಇನ್ನೊಂದು ದಿನ ಬಾವಿಕಟ್ಟೆಗೆ ಕರೆದು, ಸೇದುವ ಹಗ್ಗ ಸುರುಳಿ ಬಿದ್ದಲ್ಲಿ ಖ ತೋರಿಸಿದಳು. ಸುಡುಗಾಡು, ಅವನಿಗೂ ಚಟ ಹತ್ತಿತು. ಸೈಕಲ್ ಮೇಲೆ ಹೋಗುತ್ತ ಎಮ್ಮೆಯ ಕೋಡಿನಲ್ಲಿ ಅಕ್ಷರ ಹುಡುಕಲು ಹೋಗಿ ಗಟಾರಕ್ಕೆ ಬಿದ್ದ.

ಆಮೇಲೊಂದು ದಿನ ನಟ್ಟನಡುವೆ ಕರಕಾದ ರೊಟ್ಟಿ ಹಿಡಿದು ಬಂದಳು. “ಇದು ಠ.”

ಮಾಯಪ್ಪ ಹಿಗ್ಗಿದ. “ತಲಿಕಟ್ಟ ಎಲ್ಲೈತಿ? ಅಕ್ಷರದ ನೆತ್ತಿ ಮ್ಯಾಲಿನ ಕೊಕ್ಕಿ? ಅದಿಲ್ದ ನಿನ್ನ ಹೆಸರ ಸೈತ ಆಗೂದಿಲ್ಲಕ್ಕಾ.”

ಲಕ್ಕವ್ವ ಒಲೆ ಹುಡುಕಿದಳು, ನೆಲುವು ಹುಡುಕಿದಳು, ಬೆಕ್ಕಿನ ಬಾಲವನ್ನೂ ಬಿಡಲಿಲ್ಲ. ತಲಕಟ್ಟು ಸಿಗಲೊಲ್ಲದು. ಮಾಯಪ್ಪ ದಿನಾ ಒಂದು ರೊಟ್ಟಿ ಹೆಚ್ಚಿಗೆ ಉಂಡು, ಅವಳೆದುರೇ ಕೂತು ಮೀಸೆ ತಿರುವತೊಡಗಿದ. ಹಾಗೆ ತಿರುವುತ್ತಿದ್ದಾಗ ಒಂದು ಮಧ್ಯಾಹ್ನ ಅವಳು ಸೌಟು ಹಿಡಿದುಕೊಂಡೇ ಅವನ ಮುಖ ನೋಡುತ್ತ ನಿಂತುಬಿಟ್ಟಳು.

“ಸಿಕ್ತು. ಬ್ರಶ್ ತಾ.”

ಹೊರಗೋಡೆಯ ಮೇಲೆ ಸುಣ್ಣದಲ್ಲಿ ‘ಲಕ್ಕವ್ವ’ ಎಂದು ಬರೆದಳು. ಕ ಮತ್ತು ವದ ನೆತ್ತಿಯ ಮೇಲೆ ತಲಕಟ್ಟು ಕೆಳಗಿಳಿದು, ಬಾಗಿ, ತುದಿಯಲ್ಲಿ ಸೊಕ್ಕಿನಿಂದ ಮೇಲೆದ್ದಿತ್ತು. ಊಟಕ್ಕೆ ಬಂದ ಮಿಲ್ಲಿನವರು ಗೋಡೆ ನೋಡಿದರು, ಮಾಯಪ್ಪನ ಮುಖ ನೋಡಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಯಪ್ಪ ಮೇಲ್ತುಟಿ ಸವರಿಕೊಂಡ. ಆಗ ತಿಳಿಯಿತು.

ಆಡಿದ ಮಾತಿಗೆ ತಪ್ಪುವ ಮನುಷ್ಯನಲ್ಲ ಅವನು. ಮುಖ ಸಣ್ಣದು ಮಾಡಿಕೊಂಡು ಕ್ಷೌರದಂಗಡಿಯ ದಾರಿ ಹಿಡಿದ.

ಲಕ್ಕವ್ವ ಬ್ರಶ್ ಅಡ್ಡ ಹಿಡಿದಳು. “ಎಲ್ಲಿಗೆ ಹೊಂಟಿಯೋ ತಮ್ಮಾ? ‘ಖಾನಾವಳಿ’ ಅಂತ ಬರಿಯೂದು ಇನ್ನ ಬಾಕಿ ಐತಿ. ಈಗ ಬೋಳಿಸ್ಕೊಂಡ್ರ ನಾ ಏನ ನೋಡಿ ಬರೀಲಿ?”