ನೀಲಿಯಾಗಿಯೇ ಉಳಿದ ಕಾಗದ

ಕಾಗದ ಈ ಸಲವೂ ಕೆಂಪಾಗಲಿಲ್ಲ.

“ಮತ್ತೆ ನೀರು!” ಸಂಶೋಧಕಿ ಟ್ಯೂಬನ್ನು ಸಿಂಕಿಗೆ ಬಗ್ಗಿಸಿದಳು. ಮೂರು ವರ್ಷದಲ್ಲಿ ಹೀಗೆ ಚೆಲ್ಲಿದ್ದು ಇದು ಮೂವತ್ತೆಂಟನೆಯದು. ಜಠರರಸ ಅಂದಮೇಲೆ ಹುಳಿ ಇರಬೇಕು, ನೀಲಿ ಲಿಟ್ಮಸ್ ಕೆಂಪಾಗಬೇಕು. ಆಗದಿದ್ದರೆ ಯಾರೋ ನೀರು ಬೆರೆಸಿದ್ದಾರೆ. ಅವಳ ನಿಯಮ ಅಷ್ಟು ಸರಳ.

ಕೆಲಸ ಮಾತ್ರ ಸರಳವಾಗಿರಲಿಲ್ಲ. ಕೆಲವರ ಹೊಟ್ಟೆಯ ಒಳಪದರ ಸದ್ದಿಲ್ಲದೆ ಸವೆಯುತ್ತದೆ. ನೋವಿಲ್ಲ, ಉರಿಯಿಲ್ಲ. ಗೊತ್ತಾಗುವ ಹೊತ್ತಿಗೆ ಕ್ಯಾನ್ಸರ್ ಆಗಿರುವುದೂ ಉಂಟು. ಅದಕ್ಕೂ ಮೊದಲೇ ಜಠರರಸದ ಪ್ರೋಟೀನುಗಳಲ್ಲಿ ಏನಾದರೂ ಸುಳಿವು ಸಿಕ್ಕೀತೇ? ಚೆಲ್ಲಿದ್ದನ್ನು ಬಿಟ್ಟು, ಆರೋಗ್ಯವಾಗಿ ಓಡಾಡಿಕೊಂಡಿದ್ದ ಆರುನೂರು ಜನರ ರಸ ಪರೀಕ್ಷಿಸಿದ್ದಾಯಿತು. ಎಲ್ಲರದೂ ಒಂದೇ ಥರ. ಈ ತಿಂಗಳು ಮುಗಿದರೆ ಯೋಜನೆಗೆ ಬೀಗ. ತಲೆ ಚಚ್ಚಿಕೊಳ್ಳುವುದೊಂದು ಬಾಕಿ ಇತ್ತು.

ಆಸ್ಪತ್ರೆಯಲ್ಲಿ ಹೊಟ್ಟೆಗೆ ನಳಿಕೆ ಇಳಿಸಿ ರಸ ತೆಗೆಯುವ ಸಿಸ್ಟರ್ ಮೇಲೆ ಅವಳಿಗೆ ಮೊದಲಿನಿಂದಲೂ ಅನುಮಾನ. ಕರೆಸಿ ನೇರವಾಗಿ ಕೇಳಿದಳು.

“ರಸ ಕಮ್ಮಿ ಬಂದಾಗ ನೀರು ಸೇರಿಸ್ತೀರಾ?”

“ಅಯ್ಯೋ ಇಲ್ಲ ಮೇಡಂ. ಬಂದಿದ್ದನ್ನೇ ಕೊಡ್ತೀನಿ. ಕೆಲವರ ಹೊಟ್ಟೇಲಿ ಹುಳೀನೇ ಇರಲ್ವೇನೋ.”

“ಒಳಪದರ ಪೂರ್ತಿ ಸವೆದಿದ್ರೆ ಮಾತ್ರ ಹಾಗಾಗೋದು. ಗುಂಡುಕಲ್ಲಿನ ಹಾಗಿರೋ ಮೂವತ್ತೆಂಟು ಜನಕ್ಕೂ ಹಾಗಾಗಿದೆಯಾ? ನನಗೇ ಪಾಠ ಹೇಳ್ತೀರಲ್ಲ!”

ಸಿಸ್ಟರ್ ತನ್ನ ಕೆಲಸಕ್ಕೆ ವಾಪಸು ಹೋದಳು. ಆದರೆ ಸಾಕ್ಷಿ ಬೇಕಿತ್ತು. ಸಂಶೋಧಕಿಗೆ ತನ್ನ ಅಣ್ಣ ನೆನಪಾದ. ಕಲ್ಲು ತಿಂದು ಕರಗಿಸಿಕೊಳ್ಳುವ ಆಸಾಮಿ, ಐವತ್ತು ದಾಟಿದರೂ ಒಂದು ಮಾತ್ರೆ ನುಂಗಿದವನಲ್ಲ.

“ನನ್ನ ಅಣ್ಣ ಅಂತ ಯಾರಿಗೂ ಹೇಳಬೇಡ. ಸುಮ್ಮನೆ ಹೋಗಿ ರಸ ಕೊಟ್ಟು ಬಾ,” ಎಂದಳು. ಅವನದೂ ನೀರಾಗಿ ಬಂದರೆ ಸಿಸ್ಟರ್ ಸಿಕ್ಕಿಬಿದ್ದಂತೆ.

ಬುಧವಾರ ಅಣ್ಣನ ನಂಬರಿನ ಟ್ಯೂಬು ಬಂತು. ಕಾಗದ ಅದ್ದಿದಳು. ನೀಲಿ. ಇನ್ನೊಂದು ಅದ್ದಿದಳು. ಅದೂ ನೀಲಿ. ಮೂರು ವರ್ಷದ ಸಿಟ್ಟನ್ನೆಲ್ಲ ಒಂದು ದೂರಿನ ಪತ್ರದಲ್ಲಿ ಕಾರಿಕೊಂಡಳು. ಸಂಜೆಯೊಳಗೆ ಸಿಸ್ಟರ್ ಕೆಲಸ ಹೋಯಿತು.

“ಯಾವ ನಂಬರು ಅಂತಾದ್ರೂ ಹೇಳಿ ಮೇಡಂ,” ಆಕೆ ಬಾಗಿಲಲ್ಲಿ ನಿಂತು ಗೋಗರೆದಳು.

“ಸಿಕ್ಕಿಬಿದ್ದ ಮೇಲೆ ಯಾವ ನಂಬರಾದ್ರೇನು?”

ಮಾರನೆಯ ದಿನ ಅಣ್ಣನನ್ನು ಊಟಕ್ಕೆ ಕರೆದಳು. ಎಷ್ಟೋ ದಿನದ ಮೇಲೆ ಮನಸ್ಸು ಹಗುರಾಗಿತ್ತು. ಅವನು ಅರ್ಧಕ್ಕೇ ತಟ್ಟೆ ಸರಿಸಿದ.

“ಸಾಕಮ್ಮಾ. ಈಚೀಚೆಗೆ ಹಸಿವೇ ಆಗ್ತಿಲ್ಲ.”

“ನಳಿಕೆ ಇಳಿಸಿದ್ದಕ್ಕೆ ಹಾಗೆ. ಎರಡು ದಿನಕ್ಕೆ ಸರಿಹೋಗತ್ತೆ,” ಎಂದವಳು ಸಿಸ್ಟರ್ ಸಿಕ್ಕಿಬಿದ್ದ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿದಳು. ಅಣ್ಣ ನಗಲಿಲ್ಲ.

“ಪಾಪ, ಆಯಮ್ಮನ ಮೇಲೆ ಯಾಕೆ ಹಾಕ್ತೀಯೇ? ಅವತ್ತು ಅವರು ರಜ. ನನ್ನ ರಸ ತೆಗೆದು, ಮುಚ್ಚಳ ಹಾಕಿ, ನಿನ್ನ ಡಬ್ಬಿಗೆ ಇಟ್ಟಿದ್ದು ದೊಡ್ಡ ಡಾಕ್ಟರೇ.”